ದೋಣಿ ಗಟ್ಟಿಯಾಗಿದೆ ಎಂದು ನಾವು ಬರೆದುಕೊಟ್ಟೆವು

ಹೊಳೆಯಾಚೆ ಮನೆ ಇರುವವರ ಪಾಡು ನಿಮಗೆ ಹೊಸದೇನಲ್ಲ. ಉಪ್ಪು ಬೇಕಾದರೂ ಹೊಳೆ ದಾಟಬೇಕು, ಹೆರಿಗೆ ನೋವು ಬಂದರೂ ಹೊಳೆ ದಾಟಬೇಕು. ನಮ್ಮೂರಿನಿಂದ ಕುಶಾಲನಗರದ ಸಂತೆಗೆ ಮೂರೇ ಮೈಲಿ, ಆದರೆ ನಡುವೆ ಹಾರಂಗಿ ಹೊಳೆ. ಮಳೆಗಾಲ ಹಿಡಿಯಿತೆಂದರೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಮೇಲಿನ ಸೇತುವೆ ಸುತ್ತಿ ಹೋಗಲು ಅರ್ಧ ದಿನ ಬೇಕು, ಹಾಗಾಗಿ ಆಗ ನಮಗೂ ಪೇಟೆಗೂ ಇದ್ದ ದಾರಿ ಒಂದೇ, ಜವರಯ್ಯನ ದೋಣಿ.

ನಾನು ವಿಮಲಮ್ಮ, ಪಟೇಲ ನಂಜಪ್ಪನವರ ಹಿರೀ ಸೊಸೆ. ಎಂಟನೆಯ ತರಗತಿಯವರೆಗೆ ಓದಿದ್ದೇನೆ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಊರವರು ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಆ ಅಕ್ಷರದಿಂದ ನಾನು ಮಾಡಿದ ಒಂದು ಕೆಲಸವನ್ನು ನಮ್ಮ ಮಹಿಳಾ ಸಮಾಜದ ಅಕ್ಕತಂಗಿಯರ ಮುಂದೆ ಹೇಳಬೇಕೆಂದೇ ಇದನ್ನು ಬರೆದಿದ್ದೇನೆ. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಇದು ನಡೆದು ಎರಡು ವರ್ಷವಾಯಿತು. ನಮ್ಮ ಕೊಡಗು ರಾಜ್ಯದಲ್ಲಿ ಎಲ್ಲರೂ ಮೊದಲ ಸಲ ವೋಟು ಹಾಕಿದ ಮರುವರ್ಷ. ಜವರಯ್ಯ ಮೈಸೂರು ಕಡೆಯವನು. ಹೆಂಡತಿ ಚಲುವಮ್ಮನನ್ನು ಕರೆದುಕೊಂಡು ಬಂದು ಇಪ್ಪತ್ತು ವರ್ಷದಿಂದ ನಮ್ಮೂರಿನ ದೋಣಿ ನಡೆಸುತ್ತಿದ್ದ. ಸುಗ್ಗಿಯಲ್ಲಿ ಪ್ರತಿ ಮನೆಯ ಕಣದಿಂದ ಅವನಿಗೊಂದು ಕೊಳಗ ಭತ್ತ ಹೋಗುತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ, ಆದರೆ ನಮ್ಮೂರವರು ಅಂಥವರಲ್ಲ. ಜವರಯ್ಯ ಎಂದರೆ ಎಲ್ಲರಿಗೂ ಪ್ರಾಣ. ಹಬ್ಬದ ದಿನ ಅವನ ಮನೆಗೆ ಕಡುಬು ಹೋಗದೆ ನಾವು ಎಲೆ ಹಾಕುತ್ತಿರಲಿಲ್ಲ.

ನಮ್ಮೂರಿನಲ್ಲಿ ಒಂದು ಪದ್ಧತಿ ಇತ್ತು. ಯುಗಾದಿ ಕಳೆದ ಮೊದಲ ಸೋಮವಾರ ದೋಣಿಯನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೊಳೆಗೆ ಬಾಗಿನ ಬಿಟ್ಟು ಪೂಜೆ ಮಾಡುತ್ತಿದ್ದೆವು. ಪೂಜೆಯಾದ ಮೇಲೆ ಮಳೆಗಾಲ ಮುಗಿದು ನೀರು ಇಳಿಯುವವರೆಗೂ ದೋಣಿಯ ಬಗ್ಗೆ ಯಾರೂ ಕೆಟ್ಟ ಮಾತು ಆಡುವ ಹಾಗಿಲ್ಲ. ಆಡಿದರೆ ಗಂಗಮ್ಮ ಕೇಳಿಸಿಕೊಳ್ಳುತ್ತಾಳೆ ಎಂದು ಹಿರಿಯರು ಹೇಳುತ್ತಿದ್ದರು. ದೋಣಿ ಸೋರಿದರೂ 'ಬೆವರುತ್ತಿದೆ' ಎಂದು ನಗುತ್ತಿದ್ದೆವೇ ಹೊರತು ಸೋರುತ್ತಿದೆ ಎನ್ನುತ್ತಿರಲಿಲ್ಲ.

ಈಗ ಮಂಜುನಾಥನ ವಿಷಯ. ಅವನು ಕುಶಾಲನಗರದ ಪೇಟೆಬೀದಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ದರ್ಜಿ. ಮಡಿಕೇರಿಯಿಂದ ಬರುವ ವಾರಪತ್ರಿಕೆಗೆ ನಮ್ಮ ಕಡೆಯ ಬಾತ್ಮೀದಾರನೂ ಅವನೇ. ಅಂದರೆ ಊರ ಸುದ್ದಿಯನ್ನು ವಿಚಾರಿಸಿ, ಬರೆದು, ಟಪಾಲಿಗೆ ಹಾಕುವವನು. ಅದಕ್ಕೆ ಅವನಿಗೆ ಸಿಗುತ್ತಿದ್ದುದು ವಾರಕ್ಕೊಂದು ಪುಕ್ಕಟೆ ಪತ್ರಿಕೆ, ಜೊತೆಗೆ ಬೇಕಾದಷ್ಟು ಬೈಗುಳ. ಅಂಗಿಯ ತೋಳು ಉದ್ದವಾದರೆ ಜನ ಹೇಳಿ ಸರಿ ಮಾಡಿಸಿಕೊಳ್ಳುತ್ತಿದ್ದರು, ಸುದ್ದಿ ಕಹಿಯಾದರೆ ಅಂಗಡಿಗೇ ಬರುತ್ತಿರಲಿಲ್ಲ.

ದೋಣಿಯ ಸಂದಿಗೆ ತುರುಕಲು ಜವರಯ್ಯ ಮಂಜುನಾಥನ ಅಂಗಡಿಯಿಂದ ಬಟ್ಟೆಯ ಚೂರುಗಳನ್ನು ಒಯ್ಯುತ್ತಿದ್ದ. ಚೂರು ತುರುಕಿ ಮೇಲೆ ರಾಳ ಬಳಿಯುವುದು. ಮೊದಮೊದಲು ತಿಂಗಳಿಗೊಂದು ಹಿಡಿ ಸಾಕಾಗುತ್ತಿತ್ತು. ಆ ವರ್ಷ ಶಿವರಾತ್ರಿಯ ಹೊತ್ತಿಗೆ ವಾರಕ್ಕೊಂದು ಚೀಲ ಕೇಳತೊಡಗಿದ. ಬೇರೆ ಯಾರಾದರೂ ಆಗಿದ್ದರೆ ಚೀಲ ಕೊಟ್ಟು ಸುಮ್ಮನಾಗುತ್ತಿದ್ದರು. ಮಂಜುನಾಥ ಮಿಷನ್ ನಿಲ್ಲಿಸಿ ಎದ್ದು ಬಂದ. ಮೂರು ದಿನ ದೋಣಿಯಲ್ಲಿ ಆಚೆಯಿಂದ ಈಚೆಗೆ ಓಡಾಡಿದ. ಒಂದು ಸಲ ದಾಟುವುದರೊಳಗೆ ಎಷ್ಟು ಡಬ್ಬ ನೀರು ಎತ್ತಿ ಹೊರಗೆ ಚೆಲ್ಲುತ್ತಾರೆ ಎಂದು ಲೆಕ್ಕ ಹಿಡಿದ. ತಳದ ಹಲಗೆಗೆ ಕತ್ತರಿಯ ಮೊನೆ ಚುಚ್ಚಿ ನೋಡಿದ, ಅದು ಬೆಣ್ಣೆಗೆ ಹೋದ ಹಾಗೆ ಹೋಯಿತಂತೆ. ಜವರಯ್ಯನನ್ನು ಕೇಳಿದ. ನಮ್ಮ ಮಾವನನ್ನೂ ಕೇಳಿದ. ಮಾವ, ನೋಡೋಣ ಬಿಡಪ್ಪ, ಪೂಜೆ ಆಗಲಿ ಎಂದಿದ್ದರು.

ಅವನ ಸುದ್ದಿ ಅಚ್ಚಾಗಿ ಬಂದದ್ದು ಪೂಜೆಯಾದ ಮೂರನೆಯ ದಿನ. 'ತಳ ಕೊಳೆತ ದೋಣಿಯಲ್ಲಿ ಊರ ಜೀವ' ಎಂದು ತಲೆಬರಹ. ಊರಿಗೆ ಬರುತ್ತಿದ್ದುದು ಒಂದೇ ಪ್ರತಿ, ಅದೂ ನಮ್ಮ ಮನೆಗೆ. ಮಾವ ತಲೆಬರಹ ಓದಿದರು, ಮುಖ ಕೆಂಪಾಯಿತು, ಪತ್ರಿಕೆಯನ್ನು ಜಗಲಿಗೆ ಎಸೆದರು.

"ರೇವಣ್ಣನ ಮದ್ವೆ ಮಾತು ನಡೀತಾ ಐತೆ. ಹಾಸನದೋರು ಇದನ್ನ ಓದುದ್ರೆ ಈ ಹೊಳೆ ದಾಟಿಸಿ ಹೆಣ್ಣು ಕೊಡ್ತಾರಾ? ಪೂಜೆ ಆದ ದೋಣಿಗೆ ಕೊಳೆತದ್ದು ಅಂತ ಬರೆದವ್ನಲ್ಲ, ಇವ್ನ ಬಾಯಿಗೆ ಹುಳ ಬೀಳ."

ರೇವಣ್ಣ ನನ್ನ ಮೈದುನ. ಮಾವನ ಸಿಟ್ಟು ಊರೊಳಗೆ ಹೊರಟಿತು. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗುತ್ತ ಬೆಳೆಯಿತು. ಸಂಜೆಯ ಹೊತ್ತಿಗೆ, ಜವರಯ್ಯನಿಗೆ ದೋಣಿ ನಡೆಸುವುದೇ ಬರುವುದಿಲ್ಲ ಎಂದು ಪೇಪರಿನಲ್ಲಿ ಬಂದಿದೆಯಂತೆ ಎಂಬಲ್ಲಿಗೆ ಮುಟ್ಟಿತು. ಜವರಯ್ಯ ನಮ್ಮ ಅಂಗಳಕ್ಕೆ ಬಂದು ನಿಂತ. ಅವನಿಗೆ ಓದು ಬರದು.

"ಪಟೇಲ್ರೆ, ಇಪ್ಪತ್ತು ವರ್ಸದಲ್ಲಿ ಒಂದು ಕೋಳಿಮರೀನೂ ನೀರಿಗೆ ಬಿಟ್ಟೋನಲ್ಲ ನಾನು. ನನ್ನ ಹಿಂಗೆ ಅನ್ನಬೋದಾ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಪತ್ರಿಕೆ ನನ್ನ ಕೈಯಲ್ಲೇ ಇತ್ತು. ಅಷ್ಟು ಹೊತ್ತಿಗೆ ನಾನು ಆ ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ್ದೆ. ಅದರಲ್ಲಿ ಹಾಗಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಗಂಡಸರು ಮಾತಾಡುವಲ್ಲಿ ಸೊಸೆ ಬಾಯಿ ಹಾಕುವುದು ಹೇಗೆ ಎಂದುಕೊಂಡೆ. ಅಕ್ಕಂದಿರೇ, ಅದು ಸಂಕೋಚವಲ್ಲ, ಹೇಡಿತನ. ಈಗ ಅದಕ್ಕೆ ಬೇರೆ ಹೆಸರು ಇಡಲು ನನಗೆ ಮನಸ್ಸಿಲ್ಲ.

ಮಾರನೆಯ ದಿನ ಮಾವ ಹೇಳಿದರು, ನಾನು ಬರೆದೆ. ದೋಣಿ ಗಟ್ಟಿಯಾಗಿದೆ, ನಿಮ್ಮ ಬಾತ್ಮೀದಾರನ ಬಾತ್ಮಿ ಶುದ್ಧ ಸುಳ್ಳು, ತಿದ್ದುಪಡಿ ಹಾಕಬೇಕು. ನನ್ನ ಮುತ್ತಿನಂಥ ಅಕ್ಷರದಲ್ಲಿ ಒಂದು ಚಿತ್ತೂ ಇಲ್ಲದೆ ಬರೆದೆ. ಊರಿನ ನಲವತ್ತಮೂರು ಜನ ಸಹಿ ಹಾಕಿದರು, ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತಿದರು. ಜವರಯ್ಯನನ್ನು ಬಿಟ್ಟುಕೊಡಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಒತ್ತಿದ್ದು. ಕೊನೆಗೆ ಜವರಯ್ಯನೂ ಒತ್ತಿದ. ಹಲಗೆ ಬದಲಿಸುವುದನ್ನು ನೀರು ಇಳಿದ ಮೇಲೆ ನೋಡಿಕೊಂಡರಾಯಿತು ಎಂದ.

ಸುದ್ದಿ ತಿಳಿದು ಮಂಜುನಾಥ ನಮ್ಮ ಮನೆಗೆ ಬಂದ. ಮಾವ ಅವನನ್ನು ಜಗಲಿ ಹತ್ತಿಸಲಿಲ್ಲ. ಅವನು ಅಂಗಳದಲ್ಲೇ ನಿಂತು, ನಾನು ಬರೆದದ್ದರಲ್ಲಿ ಒಂದು ಮಾತು ತಪ್ಪಿದ್ದರೂ ತೋರಿಸಿ, ನಾನೇ ತಿದ್ದುಪಡಿ ಬರೆಯುತ್ತೇನೆ ಎಂದ. ಮಾವ ಎಲೆಅಡಿಕೆ ತಟ್ಟೆ ಎಳೆದುಕೊಂಡರು. ಆಗ ಅವನು ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿದ.

"ಅಕ್ಕಾ, ನೀವು ಓದ್ದೋರು. ಬರೆಯೋಕೆ ಮುಂಚೆ ಒಂದ್ಸಲ ಹೋಗಿ ದೋಣಿ ತಳ ಮುಟ್ಟಿ ನೋಡಿದ್ರಾ?"

ನಾನು ಒಳಗೆ ಹೋಗಿಬಿಟ್ಟೆ. ಹೊಳೆ ನಮ್ಮ ಮನೆಯಿಂದ ನೂರು ಮಾರು ದೂರವೂ ಇರಲಿಲ್ಲ.

ಮುಂದಿನ ವಾರ ನಮ್ಮ ಕಾಗದ ಪತ್ರಿಕೆಯಲ್ಲಿ ಬಂತು. ನಮ್ಮ ಬಾತ್ಮೀದಾರರು ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾರೆ ಎಂದು ಸಂಪಾದಕರು ಕೆಳಗೆ ಒಂದು ಸಾಲು ಸೇರಿಸಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ, ಗೆದ್ದೆವು ಎಂದು ನಮ್ಮೂರಿನಲ್ಲಿ ಬೆಲ್ಲ ಹಂಚಿದರು. ಆಮೇಲೆ ಯಾರೂ ಮಂಜುನಾಥನಿಗೆ ಬಟ್ಟೆ ಕೊಡಲಿಲ್ಲ. ರೇವಣ್ಣನ ಮದುವೆಯ ಅಂಗಿಯನ್ನು ಸೋಮವಾರಪೇಟೆಗೆ ಹೋಗಿ ಹೊಲಿಸಿದರು. ಅಷ್ಟು ದೂರ ಹೋದರೂ ತೋಳು ಗಿಡ್ಡವಾಯಿತು, ಅದು ಬೇರೆ ಮಾತು.

ನಮಗೆ ಗೊತ್ತಿಲ್ಲದ ಒಂದು ಸಂಗತಿ ಸರ್ಕಾರಿ ಕಚೇರಿಯಲ್ಲಿ ನಡೆದಿತ್ತು. ಮೊದಲ ಸುದ್ದಿಯನ್ನು ಓದಿದ ಅಧಿಕಾರಿಯೊಬ್ಬರು ನಮ್ಮ ದೋಣಿ ಕಡವಿಗೆ ಮಳೆಗೆ ಮುಂಚೆಯೇ ಹೊಸ ದೋಣಿ ಕೊಡಬೇಕೆಂದು ಬರೆದಿದ್ದರಂತೆ. ಆಮೇಲೆ ನಮ್ಮ ಕಾಗದವನ್ನೂ ಓದಿದರು. ಊರವರೇ ಗಟ್ಟಿಯಾಗಿದೆ ಎನ್ನುತ್ತಿದ್ದಾರಲ್ಲ ಎಂದು ಆ ದೋಣಿಯನ್ನು ಬೇರೆ ಊರಿಗೆ ಕಳಿಸಿದರು. ಅವರದು ತಪ್ಪು ಎಂದು ಹೇಗೆ ಹೇಳಲಿ? ನಲವತ್ತಮೂರು ಜನರ ಮಾತನ್ನು ಅವರು ನಂಬಿದರು.

ಆಷಾಢದ ಜಡಿಮಳೆಯ ಕಕ್ಕಡ ತಿಂಗಳು ಬಂತು. ಹತ್ತು ದಿನ ಬಿಡದೆ ಮಳೆ ಹೊಡೆಯಿತು. ಒಂದು ಮಧ್ಯಾಹ್ನ ಸಂತೆಯಿಂದ ಬರುತ್ತಿದ್ದ ಎಂಟು ಜನ ದೋಣಿಯಲ್ಲಿದ್ದರು. ಅವರಲ್ಲಿ ನಮ್ಮ ಅತ್ತೆ ಗುರುಸಿದ್ದಮ್ಮನವರೂ ಒಬ್ಬರು. ನಮ್ಮ ದಡಕ್ಕೆ ಇನ್ನೇನು ಒಂದೇ ಮಾರು ಇದೆ ಎನ್ನುವಾಗ ತಳದ ಹಲಗೆ ಬಿಟ್ಟಿತು. ಜವರಯ್ಯ ನೀರಿಗೆ ಹಾರಿ, ನೀರಿಗೆ ಬಾಗಿದ್ದ ಹೊಂಗೆ ಮರದ ಬೇರನ್ನು ಒಂದು ಕೈಯಲ್ಲಿ, ದೋಣಿಯ ಅಂಚನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. ಒಬ್ಬೊಬ್ಬರಾಗಿ ಅವನ ಹೆಗಲು ಮೆಟ್ಟಿ ದಡ ಹತ್ತಿದರು. ಕೊನೆಯವರು ನಮ್ಮ ಅತ್ತೆ. ಅವರ ಕಾಲು ಮಣ್ಣು ಮುಟ್ಟಿತು, ದೋಣಿ ಎರಡು ಹೋಳಾಯಿತು, ಅದರ ಮರ ಬಡಿದು ಜವರಯ್ಯನ ಕೈ ಬಿಟ್ಟಿತು. ಎರಡು ದಿನದ ಮೇಲೆ ಕೆಳಗಿನ ಊರಿನವರು ಅವನ ದೇಹವನ್ನು ಹುಡುಕಿ ತಂದರು.

ಮಂಜುನಾಥ ಮೇಲಿನ ಸೇತುವೆ ಸುತ್ತಿ, ಕೆಸರು ತುಳಿದುಕೊಂಡು ನಮ್ಮ ಮನೆಗೆ ಬಂದ. ಅವನು ನಮ್ಮನ್ನು ಬೈಯುತ್ತಾನೆ, ಹೇಳಿದ್ದೆನಲ್ಲ ಎನ್ನುತ್ತಾನೆ ಎಂದು ಕಾದೆ. ಅವನು ಅನ್ನಲಿಲ್ಲ. ದೋಣಿಯಲ್ಲಿ ಎಂಟು ಜನವೋ ಒಂಬತ್ತೋ ಎಂದು ಮೂರು ಸಲ ಕೇಳಿ ಬರೆದುಕೊಂಡ. ಇಂಥ ಹೊತ್ತಿನಲ್ಲೂ ಲೆಕ್ಕವೇ ಎಂದು ನನಗೆ ಸಿಟ್ಟು ಬಂತು. ಬರೆದು ಮುಗಿಸಿ ಅವನು ಪೆನ್ಸಿಲನ್ನು ಜೇಬಿಗೆ ಹಾಕಿದ.

"ನಾನು ಇನ್ನೊಂದ್ಸಲ ಬರೀಬೇಕಾಗಿತ್ತು ಅಕ್ಕ. ಅಂಗಡಿಗೆ ಜನ ಬರಲ್ಲ ಅಂತ ಹೆದರಿ ಸುಮ್ನಾದೆ. ನಂದೂ ತಪ್ಪೇ" ಎಂದ.

ಮಾವ ಜಗಲಿಯಿಂದ ಇಳಿದು ಬಂದು ಅವನ ಕೈ ಹಿಡಿದು ಮೇಲೆ ಕರೆದುಕೊಂಡು ಹೋದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನಮ್ಮದೂ ಹಾಗೇ ಆಯಿತು. ಊರವರಾದ ನಾವು ಸುಳ್ಳು ಬರೆದುಕೊಟ್ಟೆವು ಎಂದು ಪತ್ರಿಕೆಗೆ ಇನ್ನೊಂದು ಕಾಗದ ಹೋಗಲಿ ಎಂದು ಮಾವನೇ ಹೇಳಿದರು. ಅದನ್ನೂ ನಾನೇ ಬರೆದೆ. ಹೊಸ ದೋಣಿ ಗೌರಿ ಹಬ್ಬಕ್ಕೆ ಮುಂಚೆ ಬಂತು.

ತಿಂಗಳು ಕಳೆದ ಮೇಲೆ ಚಲುವಮ್ಮ ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ಅವ್ವಾ, ಮುಂಚೆ ಬಂದಿತ್ತಲ್ಲ ಪೇಪರ್ನಲ್ಲಿ, ಅದು ನಿಮ್ಮತ್ರ ಐತಾ? ನಮ್ಮೋರ ಬಗ್ಗೆ ಏನಂತ ಬರೆದಿತ್ತು, ಒಂದ್ಸಲ ಓದಿ ಹೇಳಿ."

ಪತ್ರಿಕೆ ತಂದು ಓದಿದೆ. ದೋಣಿ ನಡೆಸುವ ಜವರಯ್ಯನವರದು ಇದರಲ್ಲಿ ಏನೇನೂ ತಪ್ಪಿಲ್ಲ. ಅವರು ಹೊಸ ಹಲಗೆಗಾಗಿ ಮೂರು ಸಲ ಕೇಳಿದ್ದಾರೆ. ಇಪ್ಪತ್ತು ವರ್ಷದಿಂದ ಒಂದು ಜೀವಕ್ಕೂ ಅಪಾಯವಾಗದಂತೆ ಊರನ್ನು ದಾಟಿಸಿದ ಇಂಥವರ ಕೈಗೆ ಸರ್ಕಾರ ಒಂದು ಒಳ್ಳೆಯ ದೋಣಿ ಕೊಡಬೇಕು. ಹೀಗಿತ್ತು ಅದು. ಚಲುವಮ್ಮ ಇನ್ನೊಮ್ಮೆ ಓದಿಸಿದಳು. ಅಳಲಿಲ್ಲ.

"ಇಷ್ಟು ಚೆಂದಾಗಿ ಬರೆದಿದ್ರಾ? ನಮ್ಮೋರು, ನನ್ನ ಬೈದವ್ರೆ ಅಂದ್ಕೊಂಡೇ ಹೋದ್ರು. ನೀವು ಅವತ್ತೇ ಓದಿದ್ರಾ ಅವ್ವ?"

ಹೌದು ಎಂದೆ. ಅವಳು ಸೆರಗು ಹೊದ್ದುಕೊಂಡು ಹೋದಳು.

ಈಗ ನಮ್ಮ ಜಗಲಿಯಲ್ಲಿ ಪ್ರತಿ ವಾರ ಮಾವ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರೆ. ತಲೆಬರಹಕ್ಕೇ ಸಿಟ್ಟು ಮಾಡಿಕೊಳ್ಳುವವರನ್ನು, ಕೂತ್ಕೋ, ಪೂರ್ತಿ ಕೇಳು ಎಂದು ಗದರಿಸುತ್ತಾರೆ. ಪೂಜೆಯ ದಿನ ದೋಣಿಯನ್ನು ಮೊದಲು ಮಗುಚಿ ಹಾಕಿ ತಳ ನೋಡಿ, ಆಮೇಲೆ ಕುಂಕುಮ ಹಚ್ಚುತ್ತೇವೆ.

ಅಕ್ಕಂದಿರೇ, ತಂಗಿಯರೇ, ನಿಮ್ಮೂರಿನಲ್ಲೂ ಒಬ್ಬ ಬಾತ್ಮೀದಾರ ಇರುತ್ತಾನೆ. ಅವನು ನಿಮ್ಮ ಊರಿನ ಹುಳುಕು ಬರೆದರೆ ಅವನ ಮೇಲೆ ಏರಿ ಹೋಗಬೇಡಿ, ಮೊದಲು ಹೋಗಿ ನೋಡಿ. ಅವನದು ತಪ್ಪಾಗಿದ್ದರೆ ಇಂಥದ್ದು ತಪ್ಪು ಎಂದು ತೋರಿಸಿ ತಿದ್ದಿಸಿ, ಅದು ನಿಮ್ಮ ಹಕ್ಕು. ನಿಜವಾಗಿದ್ದರೆ ಅವನ ಬೆನ್ನಿಗೆ ನಿಲ್ಲಿ, ಇಲ್ಲದಿದ್ದರೆ ಅವನೂ ಹೆದರಿ ಸುಮ್ಮನಾಗುತ್ತಾನೆ. ಊರಿನ ಮಾನ ಉಳಿಸುತ್ತೇವೆಂದು ಸುಳ್ಳಿಗೆ ಹೆಬ್ಬೆಟ್ಟು ಒತ್ತಬೇಡಿ. ನಿಮಗೆ ಓದು ಬರುವುದಾದರೆ, ಬಾರದವರಿಗೆ ಓದಿ ಹೇಳಿ. ಯಾರ ಬಗ್ಗೆ ಬರೆದಿದೆಯೋ ಅವರಿಗೆ ಎಲ್ಲರಿಗಿಂತ ಮೊದಲು ಓದಿ ಹೇಳಿ.

ಅವತ್ತು ಅಂಗಳದಲ್ಲಿ ನಿಂತಿದ್ದ ಜವರಯ್ಯನಿಗೆ ನಾನು ಓದಬೇಕಾಗಿದ್ದುದು ಬರೀ ಹನ್ನೊಂದು ಸಾಲು.