ವಲ್ಲಿಯ ಕೆಳಗಿನ ದರ

ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ನೋಟೀಸಿನ ಮೂಲೆ ಏಳುತ್ತದೆ, ಮಲಗುತ್ತದೆ, ನನ್ನ ಹೆಸರು ಕಾಣುತ್ತದೆ, ಮುಚ್ಚುತ್ತದೆ — ಸುಜಾತಾ, ಚಹಾ ಅಂಗಡಿ, ಹೊಸಹಳ್ಳಿ, ವರ್ಷದ ವಹಿವಾಟು ಐವತ್ತೆರಡು ಲಕ್ಷ, ಹತ್ತು ರೂಪಾಯಿಯ ಚಹಾ ಇಷ್ಟು ಮಾರಬೇಕೆಂದರೆ ಕೂಡ್ಲಿಗಿ ತಾಲೂಕೆಲ್ಲ ಕುಡಿದರೂ ಕೆಟಲಿಯಲ್ಲಿ ಉಳಿದೀತು, ಆದರೂ ಈ ತೆರಿಗೆ ಸಾಹೇಬರು ನಗುವುದಿಲ್ಲ, ನೋಡಮ್ಮ, ದುಡ್ಡು ನಿನ್ನ ಸ್ಕ್ಯಾನರಿಗೆ ಬಂದಿದೆ, ಚಹಾದ್ದೇ ಅಂತ ಒಪ್ಪಿ ಸಹಿ ಮಾಡು, ಇಲ್ಲ ನೀನು ಹೇಳುವಂತೆ ಕುರಿಯದ್ದಾದರೆ ಮಾರಿದ್ದಕ್ಕೆ ಬಿಲ್ ತೋರಿಸು, ಜೀವಂತ ಕುರಿಗೆ ತೆರಿಗೆ ಇಲ್ಲ, ನಾನೇ ಬಿಟ್ಟುಬಿಡ್ತೀನಿ. ನನ್ನ ಅಂಗಡಿ ಮುಂದಿನ ಕುರಿ ಸಂತೆಯಲ್ಲಿ ಬಿಲ್ಲು — ಕುರಿ ಕಾಯುವ ಉಜ್ಜಿನಪ್ಪ ಮಾವ ಅಲ್ಲಿ ಗೋಡೆಗೆ ಅಂಟಿ ನಿಂತಿದ್ದಾನೆ, ಚಪ್ಪಲಿ ಹೊರಗೆ ಬಿಟ್ಟು, ಗುಡಿಯೊಳಗೆ ಬಂದವನ ಹಾಗೆ. ಮೊದಲು ಕೇಳಿದವನು ಅವನೇ, ಇವನ ಟಗರು ಕೊಂಡ ದೂರದ ವ್ಯಾಪಾರಿಯ ಹತ್ತಿರ ನೋಟಿರಲಿಲ್ಲ, ಇವನ ಹತ್ತಿರ ಫೋನಿರಲಿಲ್ಲ, ಯವ್ವಾ, ನಿನ್ನ ಸ್ಕ್ಯಾನರಿಗೆ ಹಾಕಿಸ್ಕಳವ್ವ, ನಾಳಿ ಕೊಡುವಂತಿ, ಹಾಕಿಸಿಕೊಂಡೆ, ಮರುದಿನ ಬ್ಯಾಂಕಿನಿಂದ ತಂದು ಕೊಟ್ಟೆ, ಮುಂದಿನ ವಾರ ನಾಲ್ವರು, ಆಮೇಲೆ ಸಂತೆಗೆ ಸಂತೆಯೇ, ಒಂದು ರೂಪಾಯಿ ಹಿಡಿದಿಲ್ಲ, ಹಿಡಿದಿದ್ದರೆ ಹಂಚಿನ ಮನೆ ಮಾಳಿಗೆ ಆಗಿರುತ್ತಿತ್ತು. ಸಹಿ ಹಾಕಿಬಿಡವ್ವ, ನಾವೆಲ್ಲ ತಲೀಗಿಷ್ಟು ಪಟ್ಟಿ ಎತ್ತಿ ಕಟ್ತೀವಿ, ಮಾವ ಪಿಸುಗುಡುತ್ತಾನೆ — ಏನಂತ ಕಟ್ತಿ ಮಾವ, ಕುರಿ ಮಾರಿ ಚಾದ ತೆರಿಗಿ ಕಟ್ತಿ ಏನು. ಈ ವರ್ಷ ಹಾಕಿದರೆ ಬರುವ ವರ್ಷ ಇದೇ ಸಹಿ ತೋರಿಸಿ ಮತ್ತೆ ಕೇಳುತ್ತಾರೆ, ಅಂಗಡಿ ಮುಚ್ಚುವ ತನಕ ಕೇಳುತ್ತಾರೆ, ಹಾಕುವುದಿಲ್ಲ, ಸಾಹೇಬ್ರ, ನಾನು ಹಾಕಂಗಿಲ್ರಿ.

ಹಾಗಾದರೆ ಒಂದೊಂದು ಕುರಿಯ ದರ ಹೇಳು, ಮಾರುವಾಗ ನೀನು ಅಲ್ಲೇ ಇದ್ದೆಯಲ್ಲ, ಅನ್ನುತ್ತಾರೆ ಸಾಹೇಬರು. ಇದ್ದೆ, ಮಾರು ದೂರದಲ್ಲಿ ಚಹಾ ಸೋಸುತ್ತಿದ್ದೆ, ನನಗೆ ಬರುವುದು ಹಿಂಡಿನ ಒಟ್ಟು ದುಡ್ಡು, ಒಂದೊಂದರ ದರ ಕಿವಿಗೆ ಬಿದ್ದಿಲ್ಲ, ಯಾರ ಕಿವಿಗೂ ಬೀಳುವುದಿಲ್ಲ, ಹೆಗಲ ಮೇಲಿನ ವಲ್ಲಿ ತೆಗೆದು ಇಬ್ಬರ ಕೈಮೇಲೆ ಹೊದಿಸಿ ಒಳಗೊಳಗೇ ಬೆರಳು ಹಿಡಿದು ದರ ಹೇಳುವವರು ಅವರು, ಪಕ್ಕದ ಕುರಿಗೂ ತಿಳಿಯದ ಹಾಗೆ, ಬಾಯಿಬಿಟ್ಟರೆ ಸಂತೆಗೆ ಸಂತೆಯೇ ಕೆಟ್ಟಂತೆ — ಇದನ್ನು ಯಾವ ಕಾಗದದಲ್ಲಿ ಬರೆಯಲಿ. ಮಾವ, ವಲ್ಲಿ ತಗಿ. ಬ್ಯಾಡವ್ವ. ತಗಿ ಅಂದೆ, ಸಾಹೇಬ್ರ, ಕೈ ಕೊಡ್ರಿ ಒಂದು ಗಳಿಗಿ. ಈಗ ನಗುತ್ತಾರೆ, ಏನಮ್ಮ ಇದು ನಾಟಕ, ಆದರೂ ಕೈ ಚಾಚುತ್ತಾರೆ, ಮಾವ ನೋಟೀಸಿನ ಮೇಲೆಯೇ ಮಾಸಿದ ವಲ್ಲಿ ಹೊದಿಸುತ್ತಾನೆ, ಬೆರಳಿಗೊಂದು ಸಾವಿರ ಸಾಹೇಬ್ರ ಅಂದು ಒಳಗೆ ಕೈ ಹಾಕುತ್ತಲೇ ಅವನ ಬೆನ್ನು ನೆಟ್ಟಗಾಗುತ್ತದೆ, ಇದು ಅವನ ಕಚೇರಿ. ಮಾವ ಎಷ್ಟು ದರ ಹೇಳಿದ್ನ್ರಿ ಅಂತ ಬಾಗಿಲ ಬಳಿಯ ಗುಮಾಸ್ತರನ್ನು ಕೇಳುತ್ತೇನೆ. ನನಗೆಂಗೆ ಗೊತ್ತಾಗತ್ತಮ್ಮ, ಮುಚ್ಚೈತಲ್ಲ. ಇಲ್ಲೇ ನಿಂತ ನಿಮಗ ಗೊತ್ತಾಗಲಿಲ್ಲ, ಚಾ ಸೋಸಾಕಿ ನಾನು ಬಿಲ್ಲು ಎಲ್ಲಿಂದ ತರ್ಲಿ. ಸಾಹೇಬರು ಇನ್ನೂ ಕೈ ತೆಗೆದಿಲ್ಲ, ಮಾವ ಮತ್ತೊಂದು ಬೆರಳು ಹಿಡಿದನೇನೋ, ವಲ್ಲಿ ಅಲುಗಿತು, ಸಾಹೇಬರ ಹುಬ್ಬು ಮೇಲೆ ಹೋಯಿತು, ಒಂದು ಕುರಿಗೆ ಅಷ್ಟಾ ಅಂದರು, ವಲ್ಲಿ — ವಲ್ಲಿಯ ಕೆಳಗೆ ಮತ್ತೆ ಏನೋ ಮಿಸುಕುತ್ತಿದೆ, ಈ ಸಲ ಬೆರಳು ಹಿಡಿದು ದರ ಇಳಿಸುತ್ತಿರುವುದು ಸಾಹೇಬರೇ ಇರಬೇಕು