ಅವಳನ್ನೇ ಕೇಳಿ

ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ತಿಕ್ಕುವುದು ಅವಳು, ಮಾತಾಡುವುದು ಗಂಡ. ಗಿರಾಕಿಗಳು ಅವಳನ್ನು ಏನು ಕೇಳಿದರೂ ಉತ್ತರ ಅವನ ಬಾಯಿಂದಲೇ ಬರುತ್ತಿತ್ತು. ಕೆಟ್ಟವನೇನಲ್ಲ. ಹೆಂಡತಿಯ ಪರವಾಗಿ ಮಾತಾಡುವುದೇ ಪ್ರೀತಿ ಎಂದು ನಂಬಿದ್ದ, ಅಷ್ಟೆ.

ಒಂದು ದಿನ ಇಸ್ತ್ರಿಪೆಟ್ಟಿಗೆಯ ಹಬೆಯ ಕೊಳವೆ ಬಿಚ್ಚಿಕೊಂಡು ಅವಳ ಬಲಗೈ ಬೆರಳ ಬುಡದಿಂದ ಮಣಿಕಟ್ಟಿನ ಮೇಲಿನವರೆಗೂ ಬೆಂದುಹೋಯಿತು. "ನೀರು ಹಾಕ್ರೀ" ಎಂದು ಅವಳು ಹೇಳುವಷ್ಟರಲ್ಲಿ ಅವನು ಟೂತ್‌ಪೇಸ್ಟ್ ಹಿಂಡಿ ಬಳಿದಾಗಿತ್ತು. ನಾಲ್ಕು ದಿನ ಕಳೆದು ಆಸ್ಪತ್ರೆಗೆ ಬರುವ ಹೊತ್ತಿಗೆ ಗಾಯ ಕೀವುಗಟ್ಟಿತ್ತು.

"ಸತ್ತ ಚರ್ಮ ತೆಗೆದು, ಶುದ್ಧ ಮಾಡಿದ ಮೀನಿನ ಚರ್ಮ ಹೊದಿಸ್ತೀವಿ," ಎಂದರು ಡಾಕ್ಟರಮ್ಮ, ಅವನ ಕಡೆ ತಿರುಗಿ. "ಬಳ್ಳಿಗೆ ಹಂದರ ಇದ್ದ ಹಾಗೆ ಅದು. ಅದನ್ನ ಹಿಡ್ಕೊಂಡು ಇವರದೇ ಚರ್ಮ ಹಬ್ಬುತ್ತೆ. ಪದೇಪದೇ ಪಟ್ಟಿ ಬಿಚ್ಚೋ ನೋವೂ ಕಡಿಮೆ."

"ಮೀನಿಂದಾ? ಬೇಡ ಡಾಕ್ಟ್ರೇ. ನಾಲ್ಕು ಜನ ಆಡ್ಕೊಳ್ತಾರೆ. ಇವಳಿಗೂ ಅಸಹ್ಯ ಆಗುತ್ತೆ. ಮುಲಾಮು ಏನಾದ್ರೂ ಕೊಡಿ."

"ಮುಲಾಮಿಗೆ ಬಗ್ಗೋ ಗಾಯ ಅಲ್ಲ ಇದು. ತಡ ಮಾಡಿದ್ರೆ ಚರ್ಮ ಎಳ್ಕೊಂಡು ಮಣಿಕಟ್ಟು ತಿರುಗೋದೇ ಇಲ್ಲ. ಇಸ್ತ್ರಿ ಹಿಡಿಯೋದು ಮರೀಬೇಕು."

"ಆದ್ರೂ ಮನೇಲಿ ಯೋಚನೆ ಮಾಡಿ ಹೇಳ್ತೀನಿ."

ಇಬ್ಬರೂ ಹೀಗೆ ಮಾತಾಡುತ್ತಿದ್ದರೆ, ಬೆಂದ ಕೈ ಅವರ ನಡುವೆ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು. ಆ ಕೈಯ ಒಡತಿ ಅಲ್ಲೇ ಇದ್ದಾಳೆಂಬುದು ಓದಿದ ಡಾಕ್ಟರಮ್ಮನಿಗೂ ಹೊಳೆದಿರಲಿಲ್ಲ.

"ಒಂದು ಮಾತು ಹೇಳ್ಲಾ?" ಎಂದಳು ಅವಳು. ಇಬ್ಬರೂ ತಿರುಗಿದರು.

"ಟೂತ್‌ಪೇಸ್ಟ್ ಬಳಿಯೋವಾಗ್ಲೂ ನೀವು ನನ್ನ ಕೇಳ್ಲಿಲ್ಲ ಕಣ್ರೀ. ಅಸಹ್ಯ ಆಗುತ್ತೋ ಇಲ್ವೋ, ನನಗೇ ಇನ್ನೂ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದ. ತಪ್ಪೆಲ್ಲ ಕೊಳವೆಯದೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದವನು ಈಗ ಆ ಗಾಯವನ್ನು ಸರಿಯಾಗಿ ನೋಡಿದ.

"ಹಾಗಾದ್ರೆ ಏನ್ಮಾಡೋಣ?" ಡಾಕ್ಟರಮ್ಮ ಮತ್ತೆ ಅವನನ್ನೇ ಕೇಳಿದರು.

"ಅವಳನ್ನೇ ಕೇಳಿ," ಎಂದ ಅವನು. "ಕೈ ಅವಳದು."

ಡಾಕ್ಟರಮ್ಮ ಕುರ್ಚಿಯನ್ನು ಅವಳ ಮಂಚದ ಹತ್ತಿರ ಎಳೆದುಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದರು. ಅವಳು ಕೇಳಿದ್ದೇ ಕೇಳಿದ್ದು: ವಾಸನೆ ಬರುತ್ತಾ, ಆಮೇಲೆ ಅದು ಏನಾಗುತ್ತೆ, ಬೆರಳು ಮಡಚಬಹುದಾ? ಮದುವೆಯಾದಾಗಿನಿಂದ ಅವಳು ಇಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ನಡುವೆ ಎರಡು ಸಲ ಅವನಿಗೆ ಉತ್ತರ ನಾಲಿಗೆ ತುದಿಗೆ ಬಂತು. ಎರಡು ಸಲವೂ ನುಂಗಿಕೊಂಡ.

"ಆಯ್ತು, ಹಾಕಿ," ಎಂದಳು ಅವಳು ಕೊನೆಗೆ.