ನಾಲ್ಕನೆಯ ಹಾಡು

ಮೇಷ್ಟ್ರು ಗೆಳೆಯ ಕಡ್ಡಿಯ ತೋಳು ಹಿಡಿದೆಳೆದು ಮತ್ತೆ ಕುರ್ಚಿಗೆ ಕೂರಿಸಿದರು. ಶವಪೆಟ್ಟಿಗೆ ಎತ್ತಲು ಇನ್ನೂ ಅರ್ಧ ಗಂಟೆಯಿತ್ತು. ಅಷ್ಟರೊಳಗೆ ಇತ್ಯರ್ಥವಾಗಲೇಬೇಕಾದ ವಿಷಯವೊಂದಿತ್ತು. ಇದಕ್ಕಿಂತ ಸಣ್ಣ ವಿಷಯಗಳಿಗೆ ರಾಜ್ಯಗಳೇ ಉರುಳಿವೆ. ವಿಷಯ ಇಷ್ಟೇ: ಆಲ್ಬಮ್ಮಿನ ನಾಲ್ಕನೆಯ ಹಾಡು ಯಾರದು?

"ನಿಂದೇ," ಎಂದ ಕಡ್ಡಿ. "ಇದನ್ನ ಕೇಳೋಕೆ ಕೂರಿಸಿದ್ಯಾ?"

"ರೆಕಾರ್ಡಿನಲ್ಲಿ ನಂದು. ಕ್ಯಾಸೆಟ್ಟಿನಲ್ಲಿ ನಿಂದು."

"ಅಬ್ಬಾ! ಮೂವತ್ತೆಂಟು ವರ್ಷ ಕ್ಯಾಸೆಟ್ಟನ್ನ ಬೈದ ಬಾಯಿ ಇದೇನಾ?"

ಮೇಷ್ಟ್ರು ಪೆಟ್ಟಿಗೆಯ ಕಡೆ ನೋಡಿದರು. ಅದರೊಳಗೆ ಗುಂಡ ಮಲಗಿದ್ದ. ಐದು ಜನರ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು. ಬ್ಯಾಂಡು ಮುರಿದು ಬೀಳುವ ವರ್ಷ ರೆಕಾರ್ಡ್ ಕಂಪನಿಯವರು ಅದುವರೆಗಿನ ಹೆಸರಾದ ಹಾಡುಗಳನ್ನೆಲ್ಲ ಒಟ್ಟುಮಾಡಿ 'ಆಯ್ದ ಹತ್ತು' ಎಂದು ಹೊರತಂದಿದ್ದರು. ಐವರೂ ಕಟ್ಟಿದ, ತಲೆಗೆ ಎರಡರಂತೆ ಹತ್ತು ಹಾಡು. ರೆಕಾರ್ಡಿನ ಮೊದಲ ಮಗ್ಗುಲಿನಲ್ಲಿ ದೊರೆ, ಮೌನಿ, ಗುಂಡ, ಮೇಷ್ಟ್ರು, ಕಡ್ಡಿ, ಇದೇ ಕ್ರಮದಲ್ಲಿ ಒಂದೊಂದು. ದೊರೆ ಆರು ವರ್ಷದ ಹಿಂದೆ ಎದೆ ಹಿಡಿದುಕೊಂಡು ಹೋದ. ಮೌನಿ ಎರಡು ವರ್ಷದ ಹಿಂದೆ ಸ್ನಾನದಮನೆಯಲ್ಲಿ ಜಾರಿ ಬಿದ್ದು ಹೋದ. ಆ ದಿನ ಕಡ್ಡಿ ತಮಾಷೆಗೆ ಹೇಳಿದ್ದ: "ನೋಡ್ರೋ, ಆಲ್ಬಮ್ಮಿನ ಕ್ರಮದಲ್ಲೇ ಹೋಗ್ತಿದೀವಿ." ಗುಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈಗ ಗುಂಡನೂ ಇಲ್ಲ, ತಮಾಷೆಯೂ ಇಲ್ಲ. ಎರಡನೆಯ ಮಗ್ಗುಲಿನಲ್ಲೂ ಐದು ಹಾಡುಗಳಿದ್ದವು ನಿಜ. ಆದರೆ ಒಬ್ಬನೇ ಎರಡು ಸಲ ಸಾಯುವ ಪದ್ಧತಿ ಇಲ್ಲವಾದ್ದರಿಂದ ಅವು ಲೆಕ್ಕಕ್ಕಿರಲಿಲ್ಲ.

ಮೇಷ್ಟ್ರಿಗೆ ಒಂದು ತಿಂಗಳಿಂದ ಎಡ ಪಕ್ಕೆಯಲ್ಲಿ ಏನೋ ಚುಚ್ಚುತ್ತಿತ್ತು. ಸೋಮವಾರ ರಿಪೋರ್ಟು ಬರುವುದಿತ್ತು. ಇದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

*

ಹಾಡುಗಳ ಕ್ರಮ ಕಟ್ಟಿದವನು ಗುಂಡನೇ. ಸ್ಟುಡಿಯೋದ ನೆಲದ ಮೇಲೆ ಚೀಟಿಗಳನ್ನು ಹರಡಿಕೊಂಡು, ಕೈಯಲ್ಲಿ ಸ್ಟಾಪ್‌ವಾಚು ಹಿಡಿದು ಕೂತಿದ್ದ.

"ನಂದು ಮೊದಲು ಬರಲಿ," ಎಂದು ಮೇಷ್ಟ್ರು ಚೀಟಿಯನ್ನು ಮೇಲಕ್ಕೆ ಸರಿಸಿದರು. ಆಗಿನ್ನೂ ಅವರು ಮೇಷ್ಟ್ರಾಗಿರಲಿಲ್ಲ. ತಲೆ ತುಂಬ ಕೂದಲಿದ್ದ ಕೀಬೋರ್ಡ್ ವಾದಕರಾಗಿದ್ದರು.

ಗುಂಡ ಅದನ್ನು ಮತ್ತೆ ಕೆಳಕ್ಕೆ ಸರಿಸಿದ. "ಸಾಲಿನಲ್ಲಿ ನಿಂತವರಿಗೆಲ್ಲ ಸರದಿ ಬಂದೇ ಬರುತ್ತೆ ಕಣೋ. ಯಾಕಿಷ್ಟು ಅವಸರ?"

ಆಮೇಲೆ ಕ್ಯಾಸೆಟ್ಟಿನ ಸರದಿ ಬಂತು. ಕ್ಯಾಸೆಟ್ಟಿನ ಎರಡು ಮಗ್ಗುಲೂ ಹೆಚ್ಚುಕಡಿಮೆ ಒಂದೇ ಉದ್ದವಿರಬೇಕು. ಇಲ್ಲದಿದ್ದರೆ ಒಂದು ಕಡೆ ಟೇಪು ಸುಮ್ಮನೆ ಖಾಲಿ ಓಡುತ್ತದೆ. ಮೇಷ್ಟ್ರ ಹಾಡು ಏಳು ನಿಮಿಷದ್ದು. ಗುಂಡ ಅದನ್ನೆತ್ತಿ ಎರಡನೆಯ ಮಗ್ಗುಲಿನ ಕಟ್ಟಕಡೆಗೆ ಹಾಕಿದ. ಕಡ್ಡಿಯದು ನಾಲ್ಕಕ್ಕೆ ಏರಿತು. ಮೇಷ್ಟ್ರು ಎರಡು ವರ್ಷ ಗುಂಡನ ಜೊತೆ ಮಾತು ಬಿಟ್ಟರು. "ಕ್ಯಾಸೆಟ್ ಅನ್ನೋದು ಆಲ್ಬಮ್ಮೇ ಅಲ್ಲ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗಿದರು.

*

"ಜನ ತಗೊಂಡಿದ್ದೆಲ್ಲ ಕ್ಯಾಸೆಟ್ಟೇ ಅಲ್ವೇನೋ," ಎಂದರು ಮೇಷ್ಟ್ರು ಈಗ, ದನಿ ತಗ್ಗಿಸಿ. "ರೆಕಾರ್ಡು ಯಾರ ಮನೇಲಿತ್ತು?"

"ನಿಮ್ಮನೇಲಿತ್ತು. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೆ."

ಹಿಂದಿನ ಸಾಲಿನಿಂದ ದರ್ಜಿ ಹೆಂಗಸೊಬ್ಬಳು ಮುಂದಕ್ಕೆ ಬಾಗಿದಳು. ಸಭಾಂಗಣದ ತುಂಬ ದರ್ಜಿಗಳೇ ಇದ್ದರು. ಬ್ಯಾಂಡು ಬಿಟ್ಟ ಮೇಲೆ ಗುಂಡ ಹೊಲಿಗೆ ಮಷಿನ್ ರಿಪೇರಿ ಅಂಗಡಿ ಇಟ್ಟಿದ್ದ.

"ನೀವು ಅವರ ನೆಂಟರಾ? ಎಂಥ ಕಿವಿ ಅಂತೀರಿ ಅವರದು! ಮಷಿನ್ ಬಿಚ್ತಾನೇ ಇರಲಿಲ್ಲ. ಕಣ್ಣು ಮುಚ್ಕೊಂಡು, 'ತುಳೀರಮ್ಮ' ಅನ್ನೋರು. ಎರಡು ಸಲ ತುಳಿದ್ರೆ ಸಾಕು, ಯಾವ ಚಕ್ರದ ಹಲ್ಲು ಸವೆದಿದೆ ಅಂತ ಹೇಳೋರು."

"ನಾವು ಅವನ ಬ್ಯಾಂಡಿನವರು," ಎಂದ ಕಡ್ಡಿ.

"ಬ್ಯಾಂಡಾ? ಇವರಾ?" ಅವಳು ಪೆಟ್ಟಿಗೆಯನ್ನೊಮ್ಮೆ ನೋಡಿದಳು. ಅನುಮಾನದಿಂದ. ಆಮೇಲೆ ಏನೋ ಹೊಳೆದವಳಂತೆ ಮೇಷ್ಟ್ರ ಕಡೆ ತಿರುಗಿದಳು. "ಓ... ಒಬ್ಬೊಬ್ರೇ ಹೋಗ್ತಾ ಇದಾರಂತಲ್ಲ, ಆ ಬ್ಯಾಂಡಾ?"

ಅವಳು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು.

ಗುಂಡನ ಹೆಂಡತಿ ನೀರಿನ ಲೋಟ ಹಿಡಿದು ಬಂದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಅತ್ತಿಗೆ, ಒಂದು ಮಾತು. ಗುಂಡ ಮನೇಲಿ ನಮ್ಮ ಹಾಡು ಕೇಳ್ತಿದ್ದನಾ? ರೆಕಾರ್ಡೋ, ಕ್ಯಾಸೆಟ್ಟೋ?"

"ಥೂ, ನಾಚಿಕೆಯಾಗಲ್ವೇನೋ," ಎಂದು ಕಡ್ಡಿ ಮೊಣಕೈಯಿಂದ ತಿವಿದ.

ಅತ್ತಿಗೆ ತಿವಿತವನ್ನು ಗಮನಿಸಲಿಲ್ಲ. "ಮೂವತ್ತು ವರ್ಷ ಒಂದನ್ನೂ ಹಾಕಿದವರಲ್ಲ ಮೇಷ್ಟ್ರೇ. ಊಟದ ಮೇಜು ಬಡೀತಿದ್ರು, ಅಷ್ಟೇ. ಹೋದ ಬುಧವಾರ ಮಧ್ಯಾಹ್ನ ಮಾತ್ರ 'ಹಾಕೇ' ಅಂದ್ರು. ಅಂಗಡಿಯಿಂದ ಟೇಪ್ ರೆಕಾರ್ಡರ್ ತಂದು ಕ್ಯಾಸೆಟ್ ಹಾಕಿದೆ. ಹಾಸಿಗೆ ಮೇಲೆ ಬೆರಳು ಬಡೀತಾ ಕೇಳಿದ್ರು. ಒಂದಾಯ್ತು, ಎರಡಾಯ್ತು. ಮೂರನೇದು ಅವರದೇ, ಅದು ಮುಗಿಯೋ ಹೊತ್ತಿಗೆ ಬೆರಳು ನಿಂತಿತ್ತು."

"ನಿಲ್ಲಿಸಿದ್ರಾ ಟೇಪು?" ಎಂದರು ಮೇಷ್ಟ್ರು.

"ಎಲ್ಲಿ ನಿಲ್ಲಿಸ್ಲಿ? ನನ್ನ ಕೈಕಾಲೇ ಓಡಲಿಲ್ಲ. ಡಾಕ್ಟರಿಗೆ ಫೋನ್ ಮಾಡ್ತಾ ಇದ್ದೆ, ಹಿಂದುಗಡೆ ನಾಲ್ಕನೇ ಹಾಡು ಶುರುವಾಗೇ ಬಿಡ್ತು." ಅವರು ಕಡ್ಡಿಯ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮದು. ಚೆನ್ನಾಗಿದೆ."

ಕಡ್ಡಿ ನೀರು ಕುಡಿದ. ಕುಡಿದು ಮುಗಿಸಿದ ಮೇಲೂ ಲೋಟ ತುಟಿಯಲ್ಲೇ ಇತ್ತು.

ಮೇಷ್ಟ್ರಿಗೆ ಪಕ್ಕೆಯ ಚುಚ್ಚುನೋವು ಥಟ್ಟನೆ ಇಳಿದಂತಾಯಿತು. ಹಗುರವಾದ ಮನುಷ್ಯ ಮಾಡುವ ತಪ್ಪನ್ನೇ ಅವರೂ ಮಾಡಿದರು: ಬಾಯಿಬಿಟ್ಟರು.

"ಹಾಗಾದ್ರೆ ಕ್ಯಾಸೆಟ್ಟೇ."

ಕಡ್ಡಿ ತಲೆಯಾಡಿಸಿದ. "ಹೂಂ. ಕ್ಯಾಸೆಟ್ಟೇ ಇರಲಿ ಬಿಡು." ಜಗಳವನ್ನು ಅವನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದನ್ನು ಮೇಷ್ಟ್ರು ಜೀವಮಾನದಲ್ಲಿ ಕಂಡಿರಲಿಲ್ಲ. "ಬಾ, ಹೊತ್ತಾಯ್ತು. ನೀನು ಆ ಕಡೆ ಹಿಡ್ಕೋ, ನಾನು ಈ ಕಡೆ."

ಏನಾದರೂ ಹೇಳಬೇಕೆಂದು ಮೇಷ್ಟ್ರು ಬಾಗಿಲವರೆಗೂ ಯೋಚಿಸಿದರು. ತಮಾಷೆ ಕಣೋ ಎನ್ನಬಹುದಿತ್ತು. ರೆಕಾರ್ಡೇ ಸರಿ, ನಂದೇ ಮುಂದೆ ಎನ್ನಬಹುದಿತ್ತು. ಮೆಟ್ಟಿಲಲ್ಲಿ ಪೆಟ್ಟಿಗೆ ವಾಲಿತು, ಕಡ್ಡಿ ಏದುಸಿರು ಬಿಟ್ಟ, ಗುಂಡನ ಅಳಿಯ ಹಿಂದಿನಿಂದ "ನಿಧಾನ, ನಿಧಾನ" ಎಂದ. ಮೇಷ್ಟ್ರು ಹಿಡಿತ ಬಿಗಿಮಾಡಿ ಮುಂದಿನ ಮೆಟ್ಟಿಲಿಳಿದರು.

ಸೋಮವಾರ ಬಂದ ರಿಪೋರ್ಟಿನಲ್ಲಿ ಗ್ಯಾಸ್ಟ್ರಿಕ್ ಬಿಟ್ಟು ಬೇರೇನೂ ಇರಲಿಲ್ಲ. ಕಡ್ಡಿ ಅದರ ಮುಂದಿನ ಗುರುವಾರ ತೀರಿಕೊಂಡ. ಪೆಟ್ಟಿಗೆಗೆ ಹೆಗಲು ಕೊಡಲು ಬ್ಯಾಂಡಿನಿಂದ ಒಬ್ಬರು ಬಂದಿದ್ದರು.